ಚಿನ್ನದ ನ್ಯಾನೋಕಣದಿಂದ ಕರೆಂಟ್ ಪಡೆಯುವುದು ಹೇಗೆ?

ಟೈಟಾನಿಯಂ ಡೈಆಕ್ಸೈಡ್ ಹೀರುವುದು ಬಹುಪಾಲು ಅತಿನೇರಳೆ ಬೆಳಕನ್ನು. ಅದರ ಮೇಲೆ ಚಿನ್ನದ ನ್ಯಾನೋಕಣ ಕೂರಿಸಿದರೆ ಹಸಿರು ಬೆಳಕಿಗೂ ಕರೆಂಟ್ ಹುಟ್ಟುತ್ತದೆ. ಬೆಳಕು ಬಿದ್ದಾಗ ಕಣದ ಎಲೆಕ್ಟ್ರಾನ್‌ಗಳು ಒಟ್ಟಾಗಿ ಕಂಪಿಸುತ್ತವೆ, ಇದೇ ಪ್ಲಾಸ್ಮಾನ್. ಅದು ಅಡಗುವಾಗ ಕೆಲವು ಎಲೆಕ್ಟ್ರಾನ್‌ಗಳಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಈ 'ಬಿಸಿ' ಎಲೆಕ್ಟ್ರಾನ್‌ಗಳು ಚಿನ್ನ ಮತ್ತು ಟೈಟಾನಿಯಂ ಡೈಆಕ್ಸೈಡ್ ನಡುವಿನ ಸುಮಾರು 1 ಎಲೆಕ್ಟ್ರಾನ್‌ವೋಲ್ಟ್ (ಶಕ್ತಿಯ ಅಳತೆ) ತಡೆಯನ್ನು ಕೂಡಲೇ ದಾಟಬೇಕು. ಇಲ್ಲವಾದರೆ ಕೆಲವೇ ಪಿಕೋಸೆಕೆಂಡುಗಳಲ್ಲಿ (ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು) ಆ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ.

ಮೊದಲು ಎಫ್‌ಟಿಒ ಗಾಜಿಗೆ (ಕರೆಂಟ್ ಹರಿಸುವ ಪಾರದರ್ಶಕ ಲೇಪನವಿರುವ ಗಾಜು) ಟೈಟಾನಿಯಾ, ಅಂದರೆ ಟೈಟಾನಿಯಂ ಡೈಆಕ್ಸೈಡ್, ಪೇಸ್ಟ್ ಬಳಿದು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಸುಡಿ. ಚಿನ್ನ ಕೂರಿಸಿದ ಮೇಲೆ ಸುಟ್ಟರೆ ಕಣಗಳು ಕೂಡಿಕೊಂಡು ದಪ್ಪವಾಗುತ್ತವೆ.

ಬಹಳ ಜನ ಎಡವುವುದು ಚಿನ್ನದ ದ್ರಾವಣದಲ್ಲಿ. ಫ್ಲಾಸ್ಕನ್ನು ಅಕ್ವಾ ರೀಜಿಯಾದಿಂದ (3 ಪಾಲು ಹೈಡ್ರೋಕ್ಲೋರಿಕ್, 1 ಪಾಲು ನೈಟ್ರಿಕ್ ಆಮ್ಲ) ತೊಳೆಯಿರಿ. ಈ ಕೆಲಸ ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಪ್ರಯೋಗಾಲಯದ ಗೂಡು) ಒಳಗೇ ಆಗಬೇಕು. ಉಳಿದ ಆಮ್ಲವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಲೇಬೇಡಿ, ಅನಿಲ ಕಟ್ಟಿ ಸಿಡಿಯುತ್ತದೆ. ಬರೀ ಸೋಪಿನಲ್ಲಿ ತೊಳೆದರೆ ಹಳೆಯ ಚಿನ್ನದ ಕಲೆ ಉಳಿದು, ಹೊಸ ಕಣಗಳು ಗಾಜಿಗೇ ಅಂಟುತ್ತವೆ. ಲೋಹದ ಚಮಚವೂ ಬೇಡ, ಅದು ಚಿನ್ನದ ಲವಣವನ್ನು ಕೆಡಿಸುತ್ತದೆ. 100 ಮಿಲಿ ಡಿಐ ನೀರಿಗೆ (ಅಯಾನು ತೆಗೆದ ಶುದ್ಧ ನೀರು) ಚಿನ್ನದ ಲವಣವಾದ ಕ್ಲೋರೋಆರಿಕ್ ಆಮ್ಲ (ಟ್ರೈಹೈಡ್ರೇಟ್) 39 ಮಿಲಿಗ್ರಾಂ ಹಾಕಿ, ಆವಿಯನ್ನು ತಣಿಸಿ ಮರಳಿಸುವ ರಿಫ್ಲಕ್ಸ್ ಕಂಡೆನ್ಸರ್ ಜೋಡಿಸಿ, ಜೋರಾಗಿ ಕಲಕುತ್ತಾ ಕೊತಕೊತ ಕುದಿಸಿ. 114 ಮಿಲಿಗ್ರಾಂ ಟ್ರೈಸೋಡಿಯಂ ಸಿಟ್ರೇಟನ್ನು (ಡೈಹೈಡ್ರೇಟ್) 10 ಮಿಲಿ ನೀರಿನಲ್ಲಿ ಕರಗಿಸಿ ಒಂದೇ ಸಲಕ್ಕೆ ಸುರಿಯಿರಿ. ಹನಿಹನಿಯಾಗಿ ಬಿಟ್ಟರೆ ಕಣಗಳು ಒಂದೇ ಅಳತೆಗೆ ಬರುವುದಿಲ್ಲ. ಹಳದಿ ಬಣ್ಣ ಹೋಗಿ, ಕಪ್ಪುನೀಲಿಯಾಗಿ, ಕೊನೆಗೆ ಕಡುಗೆಂಪಿಗೆ ತಿರುಗುತ್ತದೆ. ಇನ್ನೂ 10 ನಿಮಿಷ ಕುದಿಸಿ. ದ್ರಾವಣ ಅತಿ ಹೆಚ್ಚು ಬೆಳಕು ಹೀರುವ ತರಂಗಾಂತರ 520 ನ್ಯಾನೋಮೀಟರ್ ಹತ್ತಿರ ಬಂದರೆ ಕಣಗಳು ಸುಮಾರು 13 ನ್ಯಾನೋಮೀಟರ್ ಇವೆ ಎಂದು ತಿಳಿಯಿರಿ. ನೇರಳೆ ಬಣ್ಣ ಉಳಿದರೆ ಗಂಟು ಕಟ್ಟಿದೆ, ಚೆಲ್ಲುವುದೇ ಸರಿ. ರೆಡಿಮೇಡ್ ಬಾಟಲಿ ತರುವವರು ಪಾಲಿಮರ್ ಹೊದಿಕೆ ಇದ್ದದ್ದನ್ನು ಮುಟ್ಟಬೇಡಿ. ಆ ಹೊದಿಕೆ ಎಲೆಕ್ಟ್ರಾನ್‌ಗೆ ಗೋಡೆಯಾಗುತ್ತದೆ.

ಚಿನ್ನದ ದ್ರಾವಣದ ಪಿಎಚ್ (ಆಮ್ಲತೆಯ ಅಳತೆ) 5ರ ಸುಮಾರಿಗೆ ಇಳಿಸಿ, ಟೈಟಾನಿಯಾ ಬಳಿದ ಗಾಜನ್ನು ಅದರಲ್ಲಿ ರಾತ್ರಿಯಿಡೀ ನೆನೆಹಾಕಿ, ತೊಳೆದು ಒಣಗಿಸಿ.

ಚಿನ್ನ ಕಳೆದುಕೊಂಡ ಎಲೆಕ್ಟ್ರಾನ್‌ಗಳನ್ನು ತುಂಬಿಕೊಡಲು ಎಲೆಕ್ಟ್ರೋಲೈಟ್ (ಅಯಾನುಗಳ ದ್ರಾವಣ) ಬೇಕು. ಡೈ ಕೋಶಗಳಿಗೆ (ಬಣ್ಣದಿಂದ ಬೆಳಕು ಹೀರುವ ಸೌರಕೋಶ) ಬಳಸುವ ಅಯೋಡಿನ್ ಎಲೆಕ್ಟ್ರೋಲೈಟ್ ಇಲ್ಲಿ ಬೇಡವೇ ಬೇಡ, ಅದು ಚಿನ್ನವನ್ನೇ ಕರಗಿಸುತ್ತದೆ. 2005ರಲ್ಲಿ ಟೋಕಿಯೊದ ವಿಜ್ಞಾನಿಗಳಾದ ಟಿಯಾನ್ ಮತ್ತು ತತ್ಸುಮ ಬಳಸಿದ್ದ ಫೆರಸ್ ಅಯಾನು ಒಳ್ಳೆಯದು.

ಅಳೆಯುವಾಗ ದೀಪದ ಮುಂದೆ 420 ನ್ಯಾನೋಮೀಟರ್ ಲಾಂಗ್‌ಪಾಸ್ ಫಿಲ್ಟರ್ (ಅದಕ್ಕಿಂತ ಕಡಿಮೆ ತರಂಗಾಂತರದ ಬೆಳಕನ್ನು ತಡೆಯುವ ಶೋಧಕ) ಇರಲೇಬೇಕು. ಅದಿಲ್ಲದೆ ಬಂದ ಕರೆಂಟ್‌ನಲ್ಲಿ ಟೈಟಾನಿಯಾದ ಪಾಲೇ ದೊಡ್ಡದು. ತರಂಗಾಂತರ ಬದಲಿಸುತ್ತಾ ಅಳೆಯಿರಿ: ಕರೆಂಟ್‌ನ ಏರಿಳಿತ ಚಿನ್ನದ ಹೀರಿಕೆಯ ಗೆರೆಗೆ ಹೊಂದಬೇಕು. ದೀಪ ಹೊತ್ತಿಸಿದಾಗ ಕರೆಂಟ್ ನಿಧಾನಕ್ಕೆ ಏರಿದರೆ ಶಾಖದ ಮೇಲೆ ಅನುಮಾನವಿರಲಿ. ಚಿನ್ನವಿಲ್ಲದ ಗಾಜನ್ನೂ ಅದೇ ದೀಪದಡಿ ಅಳೆದು, ಆ ಕರೆಂಟನ್ನು ಕಳೆದ ಮೇಲೆ ಉಳಿದದ್ದನ್ನಷ್ಟೇ ಬರೆದಿಡಿ.