ಎಐ ಸಹಾಯಕ ಮತ್ತು ಸಂಘದ ನಡಾವಳಿ: ನನ್ನ ಅನುಭವ

ಹಾವೇರಿ ಜಿಲ್ಲೆಯ ಪತ್ತಿನ ಸಹಕಾರ ಸಂಘವೊಂದರಲ್ಲಿ ನಾನು ಕಾರ್ಯದರ್ಶಿ. ಆಡಳಿತ ಮಂಡಳಿಯ ಸಭೆಯಲ್ಲಿ ಅವಸರದಿಂದ ಗೀಚಿಕೊಂಡ ಸಾಲುಗಳನ್ನು ತಿದ್ದಿ ನಡಾವಳಿ ಬರೆಯಲು ಪ್ರತಿ ತಿಂಗಳೂ ಇಡೀ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ಎಐ ಸಹಾಯಕವನ್ನು ಮೊದಲು ಬಳಸಿದ್ದು ಈ ಕೆಲಸಕ್ಕೇ. ಸಭೆಯಲ್ಲಿ ನಾನೇ ಕುಳಿತಿದ್ದರಿಂದ, ಅದು ಬರೆದುಕೊಟ್ಟದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಓದಿದ ಕೂಡಲೇ ನನಗೆ ತಿಳಿಯುತ್ತಿತ್ತು. ಹೊಸಬರು ಯಾರೇ ಕೇಳಿದರೂ, ಉತ್ತರ ನಿಮಗೆ ಮೊದಲೇ ಗೊತ್ತಿರುವ ಕೆಲಸದಿಂದ ಆರಂಭಿಸಿ ಎಂದೇ ಹೇಳುತ್ತೇನೆ.

ಮೊದಲ ದಿನವೇ ತೊಡಕಾಯಿತು. ನಮ್ಮ ಹಳೆಯ ಕಡತಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಪರದೆಯ ಮೇಲೆ ಅವು ಅಚ್ಚಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ರೋಮನ್ ಅಕ್ಷರ, ಚಿಹ್ನೆಗಳಾಗಿಯೇ ಇರುತ್ತವೆ. ಹಾಗಾಗಿ ನಕಲಿಸಿ ಅಂಟಿಸಿದಾಗ ಬಂದದ್ದು ಅರ್ಥವಿಲ್ಲದ ಗೋಜಲು. ಅಕ್ಷರಗಳನ್ನು ಒಳಗೂ ಕನ್ನಡವಾಗಿಯೇ ಉಳಿಸುವ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳು ನೆಟ್ಟಗೆ ಬಂದಿವೆಯೇ ಎಂದು ನೋಡಿಕೊಂಡ ಮೇಲೆಯೇ ಕೆಲಸ ಮುಂದುವರಿಯಿತು.

ಆಮೇಲೆ ಭಾಷೆಯ ಪ್ರಶ್ನೆ. ಬರಿದೇ ‘ನಡಾವಳಿ ಬರೆದುಕೊಡು’ ಎಂದಾಗ ಅದು ಬರೆದ ಕನ್ನಡ ತಪ್ಪಾಗಿರಲಿಲ್ಲ, ಆದರೆ ನಮ್ಮ ದಫ್ತರದ ಕನ್ನಡವೂ ಆಗಿರಲಿಲ್ಲ. ನಮ್ಮ ಭಾಗದಲ್ಲಿ ಸಭೆಯ ನಿರ್ಣಯಕ್ಕೆ ‘ಠರಾವು’ ಎನ್ನುತ್ತೇವೆ, ಸಾಲ ಬಾಕಿ ಉಳಿಸಿಕೊಂಡವರಿಗೆ ‘ಸುಸ್ತಿದಾರ’ ಎನ್ನುತ್ತೇವೆ; ‘ಸೂಚಕರು, ಅನುಮೋದಕರು’ ಎಂಬ ಸಾಲಿಲ್ಲದೆ ನಮ್ಮಲ್ಲಿ ಠರಾವು ಪೂರ್ಣವಾಗುವುದಿಲ್ಲ. ಹೆಸರುಗಳನ್ನು ತೆಗೆದ ಎರಡು ಹಳೆಯ ನಡಾವಳಿಗಳನ್ನು ಮಾದರಿಯಾಗಿ ಕೊಟ್ಟು, ‘ಇದೇ ಕ್ರಮ, ಇದೇ ಪದಗಳು, ನನ್ನ ಟಿಪ್ಪಣಿಯಲ್ಲಿ ಇಲ್ಲದ್ದನ್ನು ಸೇರಿಸಬೇಡ, ಸಂದೇಹವಿದ್ದಲ್ಲಿ ಖಾಲಿ ಬಿಡು’ ಎಂದು ಬರೆದ ಮೇಲೆ ಬಂದ ಕರಡನ್ನು ಇಪ್ಪತ್ತು ನಿಮಿಷಗಳಲ್ಲಿ ತಿದ್ದಿ ಮುಗಿಸಿದೆ.

ಆ ಸಲೀಸುತನದಲ್ಲಿಯೇ ನಾನು ಎಡವಿದೆ. ಸುಸ್ತಿದಾರರೊಬ್ಬರ ಮೇಲೆ ದಾವೆ ಹೂಡುವ ಠರಾವಿಗೆ ಕಾಯ್ದೆಯ ಪ್ರಕರಣವನ್ನು, ಅಂದರೆ ಸೆಕ್ಷನ್ ಸಂಖ್ಯೆಯನ್ನು, ಅದೇ ತುಂಬಲಿ ಎಂದು ಬಿಟ್ಟೆ. ಅದು ಕಿಂಚಿತ್ತೂ ಅನುಮಾನವಿಲ್ಲದ ಧಾಟಿಯಲ್ಲಿ 91ನೇ ಪ್ರಕರಣ ಎಂದು ಬರೆಯಿತು. ವಿವಾದಗಳಿಗೆ 91 ಎಂಬುದು ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯ್ದೆಯ ಮಾತು; ನಮ್ಮ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಲ್ಲಿ ಅದು 70ನೇ ಪ್ರಕರಣ. ಸಹಿಗೆ ಹೋಗುವ ಮುನ್ನ ಕಣ್ಣಿಗೆ ಬಿದ್ದದ್ದರಿಂದ ಉಳಿದೆವು. ಅಂದಿನಿಂದ ಪ್ರಕರಣ, ದಿನಾಂಕ, ಮೊತ್ತ ಈ ಮೂರನ್ನೂ ಕಾಯ್ದೆ ಪುಸ್ತಕ ಮತ್ತು ಲೆಡ್ಜರ್ ಎದುರಿಟ್ಟುಕೊಂಡು ನಾನೇ ಬರೆಯುತ್ತೇನೆ.

ಬಡ್ಡಿಯ ವಿಷಯದಲ್ಲಿಯೂ ಅಷ್ಟೆ: ಲೆಕ್ಕವನ್ನು ಕೇಳುವುದಿಲ್ಲ, ಎಕ್ಸೆಲ್ ಸೂತ್ರವನ್ನು ಕೇಳುತ್ತೇನೆ. 1,20,000 ರೂಪಾಯಿ ಅಸಲು, ಶೇಕಡ 11ರ ಬಡ್ಡಿ, 47 ದಿನ. ಕೈಲೆಕ್ಕದಲ್ಲಿ 1,699 ರೂಪಾಯಿ 73 ಪೈಸೆ. ಅದು ಕೊಟ್ಟ ಸೂತ್ರದಲ್ಲಿ ಐದು ರೂಪಾಯಿಯಷ್ಟು ಕಡಿಮೆ ಬಂತು. ವರ್ಷಕ್ಕೆ 365ರ ಬದಲು 366 ದಿನ ಹಿಡಿದಿತ್ತು. ತಿದ್ದಿಸಿದ ಸೂತ್ರ ಈಗ ನೂರಾರು ಖಾತೆಗಳಿಗೆ ನಡೆಯುತ್ತಿದೆ.

ಸದಸ್ಯರ ಹೆಸರು, ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ನಾನು ಎಂದಿಗೂ ಅದರಲ್ಲಿ ಹಾಕುವುದಿಲ್ಲ. ‘ಸದಸ್ಯ ಅ’, ‘ಸದಸ್ಯ ಆ’ ಎಂದು ಬರೆದು, ಕರಡು ಬಂದ ಮೇಲೆ ನಮ್ಮ ಕಂಪ್ಯೂಟರಿನಲ್ಲಿಯೇ ಹೆಸರು ತುಂಬುತ್ತೇನೆ. ನಂಬಿ ಹಣ ಇಟ್ಟವರ ವಿವರ ನಮ್ಮ ಕಪಾಟಿನಲ್ಲಿರಬೇಕಾದದ್ದು.

ಹೋದ ಮಳೆಗಾಲದಲ್ಲಿ ಗೋವಿನಜೋಳ ನೀರು ನಿಂತು ಹಾಳಾದ ರೈತರೊಬ್ಬರಿಗೆ ಸುಸ್ತಿ ನೋಟಿಸ್ ಕಳಿಸಬೇಕಿತ್ತು. ಕರಡಿನ ಮೊದಲ ಸಾಲಿನಲ್ಲಿಯೇ ‘ಕಠಿಣ ಕಾನೂನು ಕ್ರಮ’ ಎಂದಿತ್ತು. ಬೆಳೆಹಾನಿಯ ಸಂಗತಿ ತಿಳಿಸಿ ಮತ್ತೆ ಬರೆಯಿಸಿದಾಗ ಮಾತು ಮೆದುವಾಯಿತು, ಕಂತು ಮುಂದೂಡಿಕೆಗೆ ಅರ್ಜಿ ಕೊಡಬಹುದೆಂಬ ಸಾಲೂ ಸೇರಿತು. ಆದರೂ ‘ಒಮ್ಮೆ ಕಚೇರಿಗೆ ಬನ್ನಿ, ಕುಳಿತು ಮಾತನಾಡೋಣ’ ಎಂಬ ಕೊನೆಯ ಸಾಲನ್ನು ನಾನು ಪೆನ್ನಿನಿಂದಲೇ ಬರೆದೆ. ಮುಂದಿನ ಸೋಮವಾರ ಅವರು ಬಂದರು.