ಕೆಮ್ಮಣ್ಣುಗುಂಡಿ ಥರದ ಅದಿರು ರೈಲನ್ನ ಮೇಜಿನ ಮೇಲೆ ಕಟ್ಟೋದು: ಮೊದಲು ವ್ಯಾಗನ್, ಆಮೇಲೆ ಇಂಜಿನ್

ರೈಲು ಮಾಡೆಲ್ ಶುರು ಮಾಡೋರು ಎಲ್ರೂ ಮೊದಲು ಹುಡುಕೋದು ಇಂಜಿನ್ನೇ. ಪ್ಯಾಸೆಂಜರ್ ರೈಲಿಗೆ ಅದು ಸರಿ, ಆದ್ರೆ ಗಣಿ ಕಾರ್ಖಾನೆ ರೈಲಿಗೆ ನನ್ ಪ್ರಕಾರ ತಲೆಕೆಳಗು ಕ್ರಮ. ಅಲ್ಲಿ ರೈಲು ಇದ್ದಿದ್ದೇ ಒಂದು ಸರಕು ಸಾಗ್ಸೋಕೆ, ಸರಕು ಏನು ಅಂತ ಗೊತ್ತಾದ್ರೆ ವ್ಯಾಗನ್ ಆಕಾರ ಗೊತ್ತಾಗುತ್ತೆ, ವ್ಯಾಗನ್ ಗೊತ್ತಾದ್ರೆ ಅದನ್ನ ಎಳೆಯೋಕೆ ಎಂಥ ಇಂಜಿನ್ ಬೇಕು ಅಂತ ತಾನಾಗೇ ಹೊಳೆಯುತ್ತೆ.

ನಮ್ ಚಿಕ್ಕಮಗಳೂರು ಜಿಲ್ಲೇಲಿ ಇದಕ್ಕೆ ಕಥೆ ರೆಡಿ ಇದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಕುಲುಮೆ ಉರಿತಿದ್ದಿದ್ದು ಇದ್ದಿಲಿಂದ, ಅದಿರು ಹೋಗ್ತಿದ್ದಿದ್ದು ಕೆಮ್ಮಣ್ಣುಗುಂಡಿಯಿಂದ, ಬೆಟ್ಟದ ಮೇಲಿಂದ ರೋಪ್‌ವೇನಲ್ಲಿ ತಣಿಗೆಬೈಲಿಗೆ ಇಳಿದು ಅಲ್ಲಿಂದ ಹಳಿ ಮೇಲೆ. ಪಕ್ಕದಲ್ಲೇ ತರೀಕೆರೆ–ನರಸಿಂಹರಾಜಪುರ ಮಧ್ಯೆ 2 ಅಡಿ ಗೇಜಿನ (ಗೇಜ್ ಅಂದ್ರೆ ಎರಡು ಹಳಿ ಮಧ್ಯದ ಅಂತರ) ಪುಟ್ಟ ರೈಲು ಬೇರೆ ಇತ್ತು. ಅದಿರು, ಇದ್ದಿಲು, ಮರದ ದಿಮ್ಮಿ, ಮೂರಕ್ಕೂ ಬೇರೆ ಬೇರೆ ಥರದ ವ್ಯಾಗನ್ ಬೇಕು, ಮಾಡೆಲ್ ಮಾಡೋನಿಗೆ ಇದಕ್ಕಿಂತ ಇನ್ನೇನು ಬೇಕ್ರೀ. ನಾನಿಲ್ಲಿ ಹೇಳ್ತಿರೋದು ಆ ಜಾಗದ ಪಕ್ಕಾ ನಕಲು ಮಾಡೋದಲ್ಲ, ಆ ಥರದ ಒಂದು ಕಾಲ್ಪನಿಕ ಲೈನು, ಒಂದು ತುದೀಲಿ ರೋಪ್‌ವೇ ಬಂದು ಅದಿರು ಸುರಿಯೋ ಜಾಗ, ಇನ್ನೊಂದು ತುದೀಲಿ ಶೆಡ್ಡು, 4 ಅಡಿ ಉದ್ದ 1 ಅಡಿ ಅಗಲದ ಹಲಗೆ ಸಾಕು.

ಸ್ಕೇಲ್ ಲೆಕ್ಕ, ಅಂದ್ರೆ ನಿಜ ರೈಲಿಗಿಂತ ಮಾಡೆಲ್ ಎಷ್ಟು ಪಟ್ಟು ಚಿಕ್ಕದು ಅನ್ನೋದನ್ನ, ಮೊದಲೇ ಮಾಡ್ಕೊಂಡ್ಬಿಡಿ. ಹಾಸನ ಸ್ಟೇಷನ್ನಲ್ಲಿ ಮಂಗಳೂರು ಕಡೆಯ ಟ್ಯಾಂಕರ್ ಗೂಡ್ಸ್ ನೋಡಿ ಅದನ್ನೇ ಮಾಡ್ಬೇಕು ಅನ್ನೋರು ಒಂದು ವಿಷಯ ತಿಳ್ಕೊಂಡಿರ್ಬೇಕು, ಅಂಗಡೀಲಿ ಸಿಗೋ ಎಚ್‌ಒ (1:87 ಸ್ಕೇಲ್) ಮಾಡೆಲ್ ಹಳಿಯ ಗೇಜ್ 16.5 ಮಿಮೀ, ಅದು ಯುರೋಪ್ ಅಮೆರಿಕದ 1435 ಮಿಮೀ ಗೇಜಿನ ಲೆಕ್ಕ, ನಮ್ ಬ್ರಾಡ್‌ಗೇಜ್ 1676 ಮಿಮೀ, 87ರಿಂದ ಭಾಗಿಸಿದ್ರೆ 19.3 ಮಿಮೀ ಬರುತ್ತೆ, ಅಂದ್ರೆ ಹಳಿ ಎದ್ದು ಕಾಣೋಷ್ಟು ಕಿರಿದಾಗುತ್ತೆ. 2 ಅಡಿ ಗೇಜಿಗೆ ಈ ತಲೆನೋವು ಕಮ್ಮಿ. 1 ಅಡಿಗೆ 4 ಮಿಮೀ ಅಂತ ಇಟ್ಕೊಂಡ್ರೆ, ಅಂದ್ರೆ 1:76, 2 ಅಡಿಗೆ 8 ಮಿಮೀ ಆಗ್ಬೇಕು, ಎನ್ ಗೇಜ್ ಅನ್ನೋ ಇನ್ನೂ ಪುಟ್ಟ ಮಾಡೆಲ್ ರೈಲಿನ ಹಳಿ 9 ಮಿಮೀ ಇದೆ, ವ್ಯತ್ಯಾಸ ಬರೀ 1 ಮಿಮೀ. ಇದನ್ನ ಓಓ9 ಅಂತಾರೆ. ಹೊಸಬರಿಗೆ ಇದೇ ಒಳ್ಳೇದು, ಯಾಕಂದ್ರೆ ಎನ್ ಗೇಜಿನ ಚಕ್ರ, ಮೋಟಾರ್ ಇರೋ ಚಾಸಿ (ಚಕ್ರ ಕೂರೋ ಕೆಳಗಿನ ಚೌಕಟ್ಟು) ಎಲ್ಲಾ ಇದಕ್ಕೆ ನಡೆಯುತ್ತೆ. ಹಳಿ ತಗೋವಾಗ ಮಾತ್ರ ಪೀಕೋ ಕಂಪನಿಯವರ ಓಓ9 ಹಳಿ ತಗೊಳ್ಳಿ, ಅದರಲ್ಲಿ ಸ್ಲೀಪರ್‌ಗಳು (ಹಳಿ ಅಡಿಯ ಅಡ್ಡಪಟ್ಟಿಗಳು) ಅಂಕುಡೊಂಕಾಗಿ ದೂರದೂರ ಇರುತ್ತೆ, ಎನ್ ಗೇಜಿನ ಮಾಮೂಲಿ ಹಳಿ ಹಾಕಿದ್ರೆ ಸ್ಲೀಪರ್ ಒತ್ತೊತ್ತಾಗಿ ಕಂಡು ಎಲ್ಲಾ ಹಾಳಾಗುತ್ತೆ.

ಈಗ ವ್ಯಾಗನ್. ಇಂಥ ಲೈನ್‌ಗಳಲ್ಲಿ ಪ್ರಪಂಚದಾದ್ಯಂತ ಓಡಾಡಿದ್ದು ವಿ ಆಕಾರದ ತೊಟ್ಟಿ ಇರೋ ಟಿಪ್ಪರ್, ಪಕ್ಕಕ್ಕೆ ಮಗುಚಿದ್ರೆ ಸರಕು ಬಿದ್ದೋಗುತ್ತೆ. ಅಳತೆ ತಯಾರಿಸಿದ ಕಂಪನಿ ಮೇಲೆ ಬದಲಾಗುತ್ತೆ, ಆದ್ರೆ ಸುಮಾರಾಗಿ 6 ಅಡಿ ಉದ್ದ, 4 ಅಡಿ ಎತ್ತರ ಅಂತ ಹಿಡೀರಿ, ಅಂದ್ರೆ ಮಾಡೆಲ್‌ನಲ್ಲಿ 24 ಮಿಮೀ ಮತ್ತು 16 ಮಿಮೀ. ಪಕ್ಕದಲ್ಲಿ ನಿಂತಿರೋ ಐದೂವರೆ ಅಡಿ ಆಳು 22 ಮಿಮೀ ಇರ್ತಾನೆ, ಅವನ ಎದೆಮಟ್ಟಕ್ಕೆ ತೊಟ್ಟಿ ಅಂಚು ಬಂದ್ರೆ ಅಳತೆ ಸರಿ ಇದೆ ಅಂತ ಅರ್ಥ.

ಅರ್ಧ ಮಿಮೀ ಸ್ಟೈರೀನ್ (ಒಂಥರ ಪ್ಲಾಸ್ಟಿಕ್) ಹಾಳೇಲಿ ಎರಡು ತುದಿ ಪ್ಲೇಟ್ ಕತ್ತರಿಸಿ, ಎರಡನ್ನೂ ಒಟ್ಟಿಗೆ ಹಿಡಿದು ಫೈಲ್ ಹೊಡೀರಿ, ಇಲ್ದಿದ್ರೆ ತೊಟ್ಟಿ ಸೊಟ್ಟ ಆಗುತ್ತೆ. ಸುತ್ತೋಕೆ ಕಾಲು ಮಿಮೀ ಹಾಳೆ, ತಳದ ಬಾಗು ಬರೋಕೆ ಮೊದಲೇ ಪೆನ್ನಿನ ರೀಫಿಲ್ ಮೇಲೆ ಉಜ್ಜಿ ಬಾಗ್ಸಿಟ್ಕೊಳ್ಳಿ. ಸುತ್ತೋ ಮುಂಚೆನೇ ಹಾಳೆ ಹಿಂಭಾಗದಿಂದ, ಇಂಕು ಮುಗಿದ ಬಾಲ್ ಪೆನ್ನಲ್ಲಿ ಸ್ಕೇಲ್ ಇಟ್ಟು ಒಂದೊಂದೇ ಚುಕ್ಕೆ ಒತ್ತುತ್ತಾ ಹೋದ್ರೆ ಮುಂಭಾಗದಲ್ಲಿ ರಿವೆಟ್ ಸಾಲು ಬರುತ್ತೆ. ಸ್ಟೈರೀನ್ ಸಿಗದಿದ್ರೆ ವಿಸಿಟಿಂಗ್ ಕಾರ್ಡ್ ಕೂಡ ಆಗುತ್ತೆ, ಆದ್ರೆ ಅದಕ್ಕೆ ಫ್ರೆಂಚ್ ಪಾಲಿಶ್ ಕುಡಿಸಿ ಒಣಗ್ಸಿ ಬಳಸಿ, ನಮ್ ಮಲೆನಾಡಿನ ಮಳೇಲಿ ಬರೀ ಕಾರ್ಡ್ ಜೂನ್ ಬರೋ ಹೊತ್ತಿಗೆ ಉಬ್ಬಿ ಬಾಯಿ ಬಿಡುತ್ತೆ.

ತೂಕ ಹಾಕೋದು ಮರೀಬೇಡಿ, ಹಗುರ ವ್ಯಾಗನ್ ತಿರುವಲ್ಲಿ ಹಳಿ ಬಿಡುತ್ತೆ. ಮೀನು ಗಾಳಕ್ಕೆ ಕಟ್ಟೋ ಸೀಸದ ಗುಂಡು ಸಿಗುತ್ತಲ್ಲ, ಅದನ್ನ ಚಪ್ಪಟೆ ಮಾಡಿ ತೊಟ್ಟಿ ಒಳಗೆ ಅರಾಲ್ಡೈಟ್‌ನಲ್ಲಿ ಅಂಟಿಸಿ, ಅದರ ಮೇಲೆ ಅದಿರು ಬರುತ್ತೆ. ಫೆವಿಕಾಲ್ ಥರದ ಬಿಳಿ ಅಂಟಲ್ಲಿ ಸೀಸ ಯಾವತ್ತೂ ಕೂರಿಸಬೇಡಿ, ಆ ಅಂಟಿನ ಆಮ್ಲಕ್ಕೆ ಸೀಸ ನಿಧಾನಕ್ಕೆ ಪುಡಿಯಾಗಿ ಊದ್ಕೊಳ್ಳುತ್ತೆ, ಕೆಲವು ವರ್ಷದಲ್ಲಿ ಮಾಡೆಲ್ಲೇ ಸೀಳಿ ಹೋಗುತ್ತೆ. ಸೀಸ ಮುಟ್ಟಿದ ಮೇಲೆ ಕೈ ಸೋಪಲ್ಲಿ ತೊಳೀಲೇಬೇಕು, ಮಕ್ಕಳ ಕೈಗೆ ಕೊಡ್ಲೇಬಾರ್ದು.

ಕೊಂಡಿಗೆ ಫ್ಯಾನ್ಸಿ ಸ್ಟೋರಿನ ತೆಳು ಸರ ಚೆನ್ನಾಗಿ ಕಾಣುತ್ತೆ, ನಿಜವಾದ ಟಿಪ್ಪರ್‌ಗಳಲ್ಲೂ ಸರಪಳೀನೇ ಇರ್ತಿತ್ತು. ಆದ್ರೆ ಸರಪಳಿ ಎಳೆಯೋಕೆ ಮಾತ್ರ, ಹಿಂದಕ್ಕೆ ತಳ್ಳಿದ್ರೆ ತಿರುವಲ್ಲಿ ಬಫರ್‌ಗಳು (ವ್ಯಾಗನ್ ತುದೀಲಿ ಒಂದಕ್ಕೊಂದು ತಾಗೋ ಭಾಗ) ಒಂದರ ಪಕ್ಕ ಒಂದು ಸಿಕ್ಕಾಕ್ಕೊಳ್ಳುತ್ತೆ. ಅದಕ್ಕೆ ಮೂರು ವ್ಯಾಗನ್ನಿನ ಒಂದು ಸೆಟ್ ಮಾಡಿ, ಮಧ್ಯೆ ಗಟ್ಟಿ ತಂತಿ ಕೊಂಡಿ ಹಾಕಿ, ಎರಡು ತುದೀಲಿ 2 ಮಿಮೀ ಮ್ಯಾಗ್ನೆಟ್ ಇಡಿ.

ಬಣ್ಣದ ವಿಷಯಕ್ಕೆ ನಾನು ಬೇರೆ ಎಲ್ಲಕ್ಕಿಂತ ಹೆಚ್ಚು ಟೈಮ್ ಕೊಡ್ತೀನಿ, ಕೆಲಸ ಮಾಡೋ ವ್ಯಾಗನ್ ಅಂತ ಗೊತ್ತಾಗೋದೇ ಅಲ್ಲಿ. ಅದಿರು ಜಾರಿ ಜಾರಿ ತೊಟ್ಟಿ ಒಳಗೆ ಲೋಹ ಹೊಳೀತಾ ಇರುತ್ತೆ, ಅಲ್ಲಿ ತುಕ್ಕು ನಿಲ್ಲಲ್ಲ, ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಪುಡಿ ಬೆರಳಲ್ಲಿ ಉಜ್ಜಿದ್ರೆ ಆ ಹೊಳಪು ಬರುತ್ತೆ. ಹೊರಗಡೆ ತುಕ್ಕು, ಅದೂ ಅಂಚಲ್ಲಿ ಮತ್ತೆ ರಿವೆಟ್ ಕೆಳಗೆ, ಬರ್ಂಟ್ ಸಿಯೆನ್ನಾ ಮತ್ತೆ ಬರ್ಂಟ್ ಅಂಬರ್ ಆಕ್ರಿಲಿಕ್ ನೀರಾಗಿ ಕಲಸಿ ಮೇಲಿಂದ ಕೆಳಕ್ಕೆ ಇಳಿಸಿ. ಮಗುಚೋ ಕಡೆ ಅಂಚು ಜಾಸ್ತಿ ಸವೆದಿರುತ್ತೆ, ಎರಡೂ ಕಡೆ ಒಂದೇ ಥರ ಹಚ್ಚಬೇಡಿ. ಸ್ಪ್ರೇ ಮಾಡೋದಾದ್ರೆ ಮಳೆ ದಿನ ಬೇಡ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತೆ.

ಅದಿರಿಗೆ ನಮ್ ಕೆಂಪು ಮಣ್ಣನ್ನೇ ಬಾಣಲೇಲಿ ಹುರಿದು ಬಟ್ಟೇಲಿ ಜರಡಿ ಹಿಡಿದು ಬಳಸ್ಬೋದು, ಆದ್ರೆ ಹಳಿ ಹತ್ರ ತರೋ ಮುಂಚೆ ಪ್ಲಾಸ್ಟಿಕ್ ಸುತ್ತಿದ ಮ್ಯಾಗ್ನೆಟ್ ಆಡಿಸಿ ಕಬ್ಬಿಣದ ಕಣ ಎಲ್ಲಾ ತೆಗೀರಿ, ಒಂದು ಚಿಟಿಕೆ ಉಳಿದ್ರೂ ಅದು ಹೋಗಿ ಕೂರೋದು ಇಂಜಿನ್ ಮೋಟಾರಿನ ಒಳಗೇ. ನೆಲಕ್ಕೆ ಫಿಲ್ಟರ್ ಕಾಫಿ ಗಸಿ ಕಾಡುಮಣ್ಣಿನ ಬಣ್ಣ ಕೊಡುತ್ತೆ, ಪೂರ್ತಿ ಒಣಗ್ಸಿ, ಹಸಿ ಇದ್ರೆ ಬೂಷ್ಟು ಹಿಡಿಯುತ್ತೆ.

ಇಂಜಿನ್‌ಗೆ ಬಂದ್ರೆ, ಕಾಟೋ ಕಂಪನಿಯ ನಾಲ್ಕು ಚಕ್ರದ 9 ಮಿಮೀ ಚಾಸಿ ತಗೊಂಡು ಅದರ ಮೇಲೆ ಬಾಡಿ ಕಟ್ಟೋದು ಸುಲಭ. ನಕ್ಷೆ ಬರೆದು ಚಾಸಿ ಹುಡುಕ್ಬೇಡಿ, ಚಾಸಿ ಕೈಗೆ ಬಂದ್ಮೇಲೆ ಅಳೆದು ನಕ್ಷೆ ಬರೀರಿ. ಸಣ್ಣ ಡೀಸೆಲ್ ಶಂಟರ್ (ವ್ಯಾಗನ್ ಆಚೆ ಈಚೆ ಸರಿಸೋ ಪುಟ್ಟ ಇಂಜಿನ್) ಮೊದಲು ಮಾಡಿ, ಬಾನೆಟ್ಟು, ಕ್ಯಾಬು, ತಗಡಿನ ಸೂರು ಅಷ್ಟೇ. ಸ್ಟೀಮ್ ಇಂಜಿನ್ ಆಮೇಲೆ, ಅದರ ಚಕ್ರದ ರಾಡುಗಳು ತಾಳ್ಮೆ ಪರೀಕ್ಷೆ ಮಾಡುತ್ತೆ. ಬಾನೆಟ್ ಒಳಗೆ ಎಷ್ಟು ಸೀಸ ಹಿಡಿಯುತ್ತೋ ಅಷ್ಟೂ ತುಂಬಿ, ಆದ್ರೆ ಭಾರ ಎರಡು ಆಕ್ಸಲ್ ಮಧ್ಯೆ ಬರ್ಬೇಕು, ಒಂದು ಕಡೆ ಜಾಸ್ತಿ ಆದ್ರೆ ಇನ್ನೊಂದು ಕಡೆ ಚಕ್ರ ಕರೆಂಟ್ ಸರಿಯಾಗಿ ತಗೊಳ್ಳಲ್ಲ, ನಿಂತು ನಿಂತು ಹೋಗುತ್ತೆ.

ವೇಗ ನೋಡ್ಕೊಳ್ಳಿ. ಇಂಥ ರೈಲು ಗಂಟೆಗೆ 10 ಕಿಮೀ ಹೋಗ್ತಿದೆ ಅನ್ಕೊಂಡ್ರೆ 1:76ರಲ್ಲಿ ಅದು ಸೆಕೆಂಡಿಗೆ 36 ಮಿಮೀ, ಅಂದ್ರೆ ಒಂದು ಅಡಿ ಹಳಿ ದಾಟೋಕೆ 8 ಸೆಕೆಂಡು ಬೇಕು. ಮೊಬೈಲಲ್ಲಿ ಟೈಮ್ ಇಟ್ಟು ನೋಡಿ, 12 ವೋಲ್ಟ್ ಪೂರ್ತಿ ಯಾವತ್ತೂ ಕೊಡ್ಬೇಡಿ. ಇಷ್ಟು ನಿಧಾನಕ್ಕೆ ಓಡ್ಬೇಕಂದ್ರೆ ಹಳಿ ಕ್ಲೀನ್ ಇರ್ಲೇಬೇಕು, ಓಡ್ಸೋ ಮುಂಚೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೇಲಿ ಹಳೀನೂ ಚಕ್ರಾನೂ ಒರೆಸಿ.

ಹಲಗೆಗೆ ನೀರು ತಡೆಯೋ ಪ್ಲೈವುಡ್ ಹಾಕಿ, ಮೇಲೆ ಮಾತ್ರ ಅಲ್ಲ ಅಡೀನೂ ಬಣ್ಣ ಹೊಡೀರಿ, ಒಂದೇ ಕಡೆ ಹೊಡೆದ್ರೆ ಇನ್ನೊಂದು ಕಡೆ ತೇವ ಕುಡಿದು ಬಾಗುತ್ತೆ. ಸಕಲೇಶಪುರ ಮೂಡಿಗೆರೆ ಕಡೆಯವರು ಮಳೆಗಾಲ ಶುರುವಾಗೋ ಮೊದಲೇ ಇಂಜಿನ್ನು ವ್ಯಾಗನ್ನು ಎಲ್ಲಾ ಗಾಳಿ ಆಡದ ಡಬ್ಬಕ್ಕೆ ಹಾಕಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಚಪ್ಪಲಿ ಬ್ಯಾಗು ತಗೊಂಡಾಗ ಬರೋದನ್ನ ಎಸೀಬೇಡಿ, ಅದೇ ಸಾಕು.