81 ಸೆಂಟಿಮೀಟರ್‌ನ ವಿಕ್ರಮಾದಿತ್ಯ

ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಪುಟ್ಟ ಮಾದರಿಯನ್ನು ಕೈಯಾರೆ ಮಾಡುವ ಬಗೆ ಇದು. ಮೊದಲು ಅಳತೆಯ ಲೆಕ್ಕ ಮುಗಿಸಿಕೊಳ್ಳಿ. ಐಎನ್‌ಎಸ್ ವಿಕ್ರಮಾದಿತ್ಯದ ಉದ್ದ ಸುಮಾರು 284 ಮೀಟರ್, ಅಗಲ 60. ಇದನ್ನು 350ರಿಂದ ಭಾಗಿಸಿದರೆ 81 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ. 700ರಿಂದ ಭಾಗಿಸಿದರೆ 40 ಸೆಂಟಿಮೀಟರ್ ಆಗಿ ಟಿವಿ ಪಕ್ಕದಲ್ಲೇ ಕೂರುತ್ತದೆ. ಆದರೆ ಡೆಕ್ ಮೇಲೆ ನಿಂತ ಮನುಷ್ಯ ಆಗ ಎರಡೂವರೆ ಮಿಲಿಮೀಟರ್; ಐವತ್ತು ದಾಟಿದ ನನ್ನ ಕಣ್ಣಿಗೆ ಅವನು ಸಾಸಿವೆ ಕಾಳು. ಹಾಗಾಗಿ ನಾನು 350 ಹಿಡಿದೆ.

ನನ್ನದು ಕಾರವಾರದಲ್ಲಿ ಫೋಟೊ ಫ್ರೇಮ್ ಹಾಕುವ ಅಂಗಡಿ. ಕಟರ್, ಸ್ಟೀಲ್ ಸ್ಕೇಲ್, ಗಾಜು ಎಲ್ಲ ಕೈಗೆಟುಕುವಲ್ಲೇ ಇರುತ್ತವೆ. ನಿಮಗೆ ಬೇಕಾದ್ದೂ ಹೆಚ್ಚುಕಡಿಮೆ ಅಷ್ಟೇ. ಜೊತೆಗೆ 6 ಮಿಲಿಮೀಟರ್ ಪ್ಲೈ, ಬೋರ್ಡ್ ಬರೆಯುವವರ ಹತ್ತಿರ ಸಿಗುವ 3 ಮಿಲಿಮೀಟರ್ ಸನ್‌ಬೋರ್ಡ್, ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಶೀಟ್.

ನೋಡಿಕೊಳ್ಳುವ ಚಿತ್ರದ ಬಗ್ಗೆ ಎಚ್ಚರ. ಈ ಹಡಗು 1987ರಲ್ಲಿ ಸೋವಿಯತ್ ನೌಕಾಪಡೆಗೆ ‘ಬಾಕು’ ಆಗಿ ಸೇರಿದ್ದು. ಆಮೇಲೆ ‘ಅಡ್ಮಿರಲ್ ಗೋರ್ಷ್ಕೋವ್’ ಆಯಿತು. ಆಗ ಅದರ ಮುಂಭಾಗದ ತುಂಬ ಕ್ಷಿಪಣಿ ಕೊಳವೆ, ತೋಪು. ನಮ್ಮವರಿಗಾಗಿ ಅವನ್ನೆಲ್ಲ ಕಿತ್ತು, ಅಲ್ಲಿ ವಿಮಾನ ಜಿಗಿದು ಹಾರುವಂತೆ ತುದಿ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಕಟ್ಟಿದರು. 2013ರ ನವೆಂಬರ್ 16ರಂದು ನಮ್ಮ ನೌಕಾಪಡೆಗೆ ಬಂದದ್ದು ಈ ಹೊಸ ರೂಪ. ಹುಡುಕುವಾಗ ಹಳೆಯ ನಕ್ಷೆಯೇ ಮೊದಲು ಸಿಕ್ಕಿ, ಅರ್ಧ ಕೆಲಸವಾದ ಮೇಲೆ ತಲೆ ಚಚ್ಚಿಕೊಂಡವರನ್ನು ಕಂಡಿದ್ದೇನೆ. ನೌಕಾಪಡೆಯೇ ಬಿಡುಗಡೆ ಮಾಡಿದ ಫೋಟೊ ಬೇಕಾದಷ್ಟಿವೆ, ಅವೇ ಸಾಕು. ಅರ್ಗಾದ ನೌಕಾನೆಲೆಯ ಬೇಲಿ ಹತ್ತಿರ ಮೊಬೈಲ್ ಎತ್ತಬೇಡಿ. ಕೈಯಿಂದ ಮುಟ್ಟಿ ನೋಡುವ ಆಸೆಯಿದ್ದರೆ ಟ್ಯಾಗೋರ್ ಕಡಲತೀರದ ಚಪಲ್ ಯುದ್ಧನೌಕೆ ಸಂಗ್ರಹಾಲಯಕ್ಕೆ ಹೋಗಿ. ಅದು ಸಣ್ಣ ಕ್ಷಿಪಣಿ ದೋಣಿ. ಆದರೂ ಡೆಕ್ ಅಂಚಿನ ಕಂಬಿ ಎಷ್ಟು ದಪ್ಪ, ಬಾಗಿಲು ಎಷ್ಟು ಎತ್ತರ, ಬೆಸುಗೆ ಹೇಗೆ ಉಬ್ಬಿರುತ್ತದೆ ಎಂಬುದು ಅಲ್ಲಿ ಅರ್ಥವಾಗುತ್ತದೆ. ಒಂದು ಮೀಟರ್ ಎತ್ತರದ ಕಂಬಿ ನಮ್ಮ ಅಳತೆಯಲ್ಲಿ ಮೂರು ಮಿಲಿಮೀಟರ್ ಕೂಡ ಇಲ್ಲ. ಬೆಂಕಿಕಡ್ಡಿ ನಿಲ್ಲಿಸಿದಿರೋ, ಹಡಗು ಆಟಿಕೆಯಾಯಿತು. ಹಳೆ ಇಯರ್‌ಫೋನ್ ವೈರ್ ಬಿಚ್ಚಿದರೆ ಸಿಗುವ ತಾಮ್ರದ ಎಳೆ ಸರಿಹೋಗುತ್ತದೆ.

ಈಗ ಡೆಕ್. ನೀರಿನಿಂದ ಮೇಲಿನ ಭಾಗ ಮಾತ್ರ ಮಾಡಿ. ತಳದ ತಾಪತ್ರಯ ಬೇಡ. ವಿಮಾನವಾಹಕದಲ್ಲಿ ನೋಡುವವರ ಕಣ್ಣೆಲ್ಲ ಆ ಚಪ್ಪಟೆ ಹರವಿನ ಮೇಲೇ. ನನ್ನ ಮೊದಲ ಡೆಕ್ ಅನ್ನು ದಪ್ಪ ಕಾಗದದ ಮೌಂಟ್ ಬೋರ್ಡ್‌ನಲ್ಲಿ ಕತ್ತರಿಸಿ, ಜುಲೈ ತಿಂಗಳಲ್ಲಿ, ಒಂದೇ ಮುಖಕ್ಕೆ ಫೆವಿಕಾಲ್ ಬಳಿದು ಅಂಟಿಸಿದೆ. ಮೂರನೇ ಬೆಳಿಗ್ಗೆ ಹಿಂಬದಿ ಹಪ್ಪಳದಂತೆ ಎದ್ದು ಕೂತಿತ್ತು. ಕಾರವಾರದ ಮಳೆಗಾಲದಲ್ಲಿ ಕಾಗದ ಏನು ಮಾಡುತ್ತದೆಂದು ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಪಾಠ ಹೇಳಿದವನು ನಾನೇ!

ಎರಡನೇ ಸಲ ಹೀಗೆ ಮಾಡಿದೆ: ಪ್ಲೈ ಕತ್ತರಿಸಿ ಎರಡೂ ಮುಖಕ್ಕೆ, ಸುತ್ತಲ ಅಂಚಿಗೆ ಸೀಲರ್ ಹೊಡೆದು ಎರಡು ದಿನ ಒಣಗಿಸಿದೆ. ಅದರ ಮೇಲೆ ಐದೈದು ಸೆಂಟಿಮೀಟರ್‌ಗೊಂದು ಸನ್‌ಬೋರ್ಡ್ ಪಕ್ಕೆಲುಬು ನಿಲ್ಲಿಸಿದೆ. ಮೇಲೆ ಸನ್‌ಬೋರ್ಡ್, ಅದರ ಎರಡೂ ಬದಿಗೆ ಪ್ಲಾಸ್ಟಿಕ್ ಶೀಟ್. ಒಂದೇ ಬದಿಗೆ ಅಂಟಿಸಿದರೆ ಮತ್ತೆ ಅದೇ ಹಪ್ಪಳ. ಮಟ್ಟ ನೋಡಲು ಲೈಟ್ ಆರಿಸಿ, ಸ್ಟೀಲ್ ಸ್ಕೇಲನ್ನು ಡೆಕ್ ಮೇಲೆ ಅಡ್ಡ ಅಂಚಿನಲ್ಲಿ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಸ್ಕೇಲಿನ ಕೆಳಗೆ ಬೆಳಕಿನ ಗೆರೆ ಕಂಡಲ್ಲಿ ತಗ್ಗಿದೆ. ಅಲ್ಲಿ ಪುಟ್ಟಿ, ಒಣಗಿದ ಮೇಲೆ ಪಾಲಿಶ್ ಪೇಪರ್, ಮತ್ತೆ ಟಾರ್ಚ್. ನನಗೆ ಇದಕ್ಕೇ ನಾಲ್ಕು ಸಂಜೆ ಹಿಡಿಯಿತು.

ಸ್ಕೀ ಜಂಪ್ 14.3 ಡಿಗ್ರಿ. ಹಾಗೆಂದು ಹಲಗೆಯನ್ನು ಅಷ್ಟು ಓರೆಗೆ ಇಟ್ಟುಬಿಟ್ಟರೆ ಜಾರುಬಂಡಿ ಆಗುತ್ತದೆ. ಅದು ಮೆಲ್ಲಗೆ ಶುರುವಾಗಿ ಬಾಗುತ್ತ ಹೋಗಿ, ಕೊನೆಯ ತುದಿಯಲ್ಲಿ ಮಾತ್ರ ಆ ಕೋನಕ್ಕೆ ಮುಟ್ಟುತ್ತದೆ. ಪ್ಲಾಸ್ಟಿಕ್ ಶೀಟನ್ನು ಬಿಸಿನೀರಿಗೆ ಅದ್ದಿ ದೊಡ್ಡ ಡಬ್ಬಿಯ ಮೇಲೆ ಬಾಗಿಸಿ, ಎತ್ತರ ಏರುತ್ತ ಹೋಗುವ ಪಕ್ಕೆಲುಬುಗಳ ಮೇಲೆ ಕೂರಿಸಿ. ತುದಿಯಲ್ಲಿ ಕೋನಮಾಪಕ ಇಟ್ಟು ನೋಡಿ.

ಐಲ್ಯಾಂಡ್ ಅಂದರೆ ಬಲಬದಿಯ ಗೋಪುರ. ಚೌಕ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದರೆ ಆಯಿತು. ಲಿಫ್ಟ್ ಎರಡು: ಒಂದು ಗೋಪುರದ ಪಕ್ಕ, ಇನ್ನೊಂದು ಅದರ ಹಿಂದೆ. ಎರಡೂ ಡೆಕ್‌ನ ಒಳಗೇ ಇವೆ. 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ವಿಕ್ರಾಂತದಲ್ಲಿ ಅವು ಬಲ ಅಂಚಿನಲ್ಲಿವೆ. ಫೋಟೊ ನೋಡುವಾಗ ಇವೆರಡನ್ನು ಕಲಸಬೇಡಿ. ಹಿಂಭಾಗದಲ್ಲಿ ವಿಮಾನ ಹಿಡಿದು ನಿಲ್ಲಿಸುವ ಅರೆಸ್ಟರ್ ವೈರ್ ಮೂರು. ಇದಕ್ಕೂ ಅದೇ ತಾಮ್ರದ ಎಳೆ.

ಮಿಗ್-29ಕೆ ವಿಮಾನ ನಮ್ಮ ಅಳತೆಯಲ್ಲಿ 49 ಮಿಲಿಮೀಟರ್ ಉದ್ದ, ರೆಕ್ಕೆ ಮಡಚಿದಾಗ 22 ಅಗಲ. ಒಂದನ್ನು ಚೆನ್ನಾಗಿ ಮಾಡಿ, ರಬ್ಬರ್ ಅಚ್ಚು ತೆಗೆದು, ರೆಸಿನ್ ಹುಯ್ಯಬಹುದು. ನಾನು ಶಿರಸಿಯ ಸೋದರಮಾವನ ಹತ್ತಿರ ಹೋದೆ. ಅವರು ಗುಡಿಗಾರರು, ಬೆಂಡಿನಲ್ಲಿ ಬಾಸಿಂಗ ಮಾಡುವ ಕೈ. “ಏನೋ ಅಳಿಯ, ಮದುವೆ ಗಂಡಿಗೋ ಇದು?” ಎಂದು ನಕ್ಕು, ತೆಳ್ಳನೆ ಚಾಕುವಿನಲ್ಲಿ ಅರ್ಧ ಗಂಟೆಗೆ ಒಂದು ವಿಮಾನ ಕೆತ್ತಿದರು. ಬಾಲದ ಎರಡು ರೆಕ್ಕೆ ಮಾತ್ರ ಪ್ಲಾಸ್ಟಿಕ್ಕಿನವು. ಬೆಂಡಿಗೆ ಉಗುರು ತಾಗಿದರೂ ಗುಳಿ ಬೀಳುತ್ತದೆ. ಅದಕ್ಕೆ ನೀರು ಬೆರೆಸಿದ ಫೆವಿಕಾಲ್ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಒರಟು ಮೈಯ ಗರಗತ್ತಿ ಎಲೆಯಿಂದ ಉಜ್ಜಲು ಹೇಳಿದರು. ಪಾಲಿಶ್ ಪೇಪರ್ ಹೋಗದ ಸಂದಿಗೂ ಎಲೆ ಮಡಚಿ ತೂರಿಸಬಹುದು. ಎಂಟು ವಿಮಾನ, ಎರಡು ಕಾಮೋವ್ ಹೆಲಿಕಾಪ್ಟರ್ ಸಾಕು. ಡೆಕ್ ಬಸ್‌ಸ್ಟ್ಯಾಂಡ್ ಆಗಬಾರದು. ಕಾಮೋವ್‌ಗೆ ತಲೆಯ ಮೇಲೆ ಒಂದರ ಮೇಲೊಂದು ಎರಡು ಪಂಕ, ಬಾಲದಲ್ಲಿ ಪಂಕವಿಲ್ಲ.

ಬಣ್ಣಕ್ಕೆ ಮಳೆ ನಿಲ್ಲುವವರೆಗೆ ಕಾಯಿರಿ. ತೇವದ ಗಾಳಿಯಲ್ಲಿ ಸ್ಪ್ರೇ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಹಡಗಿನ ಬೂದು ಬಣ್ಣವನ್ನು ಇದ್ದ ಹಾಗೇ ಹಚ್ಚಿದರೆ ಸಣ್ಣ ಮಾದರಿಯಲ್ಲಿ ಕಪ್ಪಗೆ ಕಾಣುತ್ತದೆ, ಸ್ವಲ್ಪ ಬಿಳಿ ಬೆರೆಸಿ. ಡೆಕ್ ಅದಕ್ಕಿಂತ ಗಾಢ. ಒಂದಡಿ ಅಗಲದ ಗೆರೆ ನಮ್ಮಲ್ಲಿ ಒಂದು ಮಿಲಿಮೀಟರ್‌ಗೂ ಕಡಿಮೆ. ಬ್ರಶ್ ಹಿಡಿಯದೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟೈರಿನ ಕಲೆಗೆ ಪೆನ್ಸಿಲ್ ಪುಡಿಯನ್ನು ಬೆರಳಲ್ಲಿ ಉಜ್ಜಿದರಾಯಿತು.

ಸಮುದ್ರಕ್ಕೆ ಟಿಶ್ಯೂ ಕಾಗದ, ಫೆವಿಕಾಲ್, ಮೇಲೆ ಹೊಳೆಯುವ ವಾರ್ನಿಶ್. ಕಡುನೀಲಿ ಬಳಿಯಬೇಡಿ. ಆಗಸ್ಟ್‌ನಲ್ಲಿ ಕಾಳಿ ನದಿ ಸೇರುವಲ್ಲಿ ನೀರು ಚಹಾದ ಬಣ್ಣ, ಉಳಿದ ಕಾಲಕ್ಕೆ ಹಸಿರು ಬೆರೆತ ಬೂದು. ದಕ್ಕೆಗೆ ಕಟ್ಟಿದ ಹಡಗಿನ ಮುಂದೆ ನೊರೆ ಇರುವುದಿಲ್ಲ ಎಂಬುದೂ ನೆನಪಿರಲಿ.

ಗಾಜಿನ ಪೆಟ್ಟಿಗೆ ಬೇಕೇ ಬೇಕು, ಉಪ್ಪುಗಾಳಿ ತಾಮ್ರವನ್ನು ಹಸಿರು ಮಾಡುತ್ತದೆ. ಮೂಲೆಗೆ ವಿನೆಗರ್ ವಾಸನೆಯ ಸಿಲಿಕಾನ್ ಹಾಕಬೇಡಿ, ಅದರ ಹೊಗೆಯೂ ತಾಮ್ರ ತಿನ್ನುತ್ತದೆ; ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ. ಕ್ವಿಕ್ ಗಮ್‌ನಿಂದ ಅಂಟಿಸಿದ ದಿನವೇ ಪೆಟ್ಟಿಗೆ ಮುಚ್ಚಿದರೆ ಗೋಪುರದ ಕಿಟಕಿಗಳ ಮೇಲೆ ಬಿಳಿ ಮಂಜು ಕೂರುತ್ತದೆ. ಒಂದು ವಾರ ತೆರೆದಿಡಿ. ಒಳಗೆ ಹಿಂದಿನ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದ ಮೊದಲೊಮ್ಮೆ, ಆಯುಧಪೂಜೆಗೊಮ್ಮೆ ಬದಲಿಸಿ.